ಪುಕ್ಕಟೆ ಆಟದ ಬೆಲೆ

ಹಸ್ತಿನಾವತಿಯ ಜೂಜಿನ ಕಥೆ ಕನ್ನಡಿಗರಿಗೆ ಹೊಸದಲ್ಲ. ಪಂಪ, ಕುಮಾರವ್ಯಾಸರಿಂದ ಹಿಡಿದು ಯಕ್ಷಗಾನ, ದೊಡ್ಡಾಟಗಳವರೆಗೆ ಅದು ಕನ್ನಡ ನಾಡಿನಲ್ಲಿ ಮತ್ತೆ ಮತ್ತೆ ನಿರೂಪಿತವಾಗಿದೆ. ಆದರೆ ಆ ಕಥೆಯ ಒಂದು ಅಂಶದತ್ತ ಸಾಮಾನ್ಯವಾಗಿ ಗಮನ ಹರಿಯುವುದಿಲ್ಲ. ಧರ್ಮರಾಯನಿಗೆ ಬಂದ ಆಹ್ವಾನ ರಾಜ್ಯವನ್ನು ಪಣಕ್ಕೊಡ್ಡಲು ಬಾ ಎಂಬುದಾಗಿರಲಿಲ್ಲ. ಹೊಸದಾಗಿ ಕಟ್ಟಿಸಿದ ಸಭಾಭವನವನ್ನು ನೋಡಿ, ದಾಯಾದಿಗಳೊಡನೆ ಕೆಲಹೊತ್ತು ಸ್ನೇಹದಿಂದ ಆಡಿ ಹೋಗಬಹುದು ಎಂಬ ಸೌಜನ್ಯದ ಕರೆಯದು. ವ್ಯಾಸಭಾರತದ ಸಭಾಪರ್ವ ಅದನ್ನು ‘ಸುಹೃದ್ದ್ಯೂತ’, ಅಂದರೆ ಗೆಳೆತನದ ಜೂಜು, ಎಂದೇ ಕರೆಯುತ್ತದೆ. ಗೆಳೆತನದಿಂದ ಆರಂಭವಾದ ಆಟ ಸರ್ವಸ್ವಹರಣದಲ್ಲಿ ಮುಕ್ತಾಯವಾಯಿತು.

ಇಂದಿನ ಸುಹೃದ್ದ್ಯೂತಕ್ಕೆ ಸಭಾಭವನ ಬೇಕಿಲ್ಲ. ಅಂಗೈಯಗಲದ ಮೊಬೈಲ್ ಫೋನ್ ಸಾಕು. ಪುಣೆಯ ಹಿಂಜವಡಿಯಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವ ತರುಣ, ಚಾಕಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ, ಬಾಗಿಲು ಮುಚ್ಚಿದ ಮೇಲೆ ಉಡುಪಿ ಹೋಟೆಲಿನ ಅಟ್ಟದ ಮೇಲೆ ಮಲಗಲು ಹೋಗುವ ಹುಡುಗ, ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ, ಇವರೆಲ್ಲರ ಕೈಯಲ್ಲೂ ಅದು ಇದೆ. ಅದರಲ್ಲಿ ತಿರುಗುವ ಚಕ್ರ, ತೀನ್ ಪತ್ತಿ, ರೂಲೆಟ್ ಮೊದಲಾದ ಕ್ಯಾಸಿನೊ ಮಾದರಿಯ ಆಟಗಳು ದೊರೆಯುತ್ತವೆ. ಹಣ ಕೊಡಬೇಕಿಲ್ಲ. ಆಟಕ್ಕೆ ಬೇಕಾದ ನಾಣ್ಯಗಳನ್ನು ಆಟದ ಒಡೆಯರೇ ಬಳುವಳಿಯಾಗಿ ಕೊಡುತ್ತಾರೆ. “ಇದರಲ್ಲಿ ಕಳೆದುಕೊಳ್ಳುವುದೇನಿದೆ?” ಎಂದು ಆಡುವವನು ಕೇಳುತ್ತಾನೆ. ಪ್ರಶ್ನೆ ಸಹಜವಾದುದೇ. ಆದರೆ ಗಾಳದ ತುದಿಯ ಎರೆಹುಳುವೂ ಮೀನಿಗೆ ಪುಕ್ಕಟೆಯಾಗಿಯೇ ದೊರೆಯುತ್ತದೆ ಎಂಬುದನ್ನು ಮರೆಯಲಾಗದು.

ಪುಕ್ಕಟೆ ಆಟದ ರಚನೆ

ಇಂತಹ ಆಟಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು, ನಿಜವಾದ ಹಣದ ಜೂಜು ನಡೆಸುವ ಸಂಸ್ಥೆಯೇ ತನ್ನ ಅಂಗಡಿಯ ಮುಂಭಾಗದಲ್ಲಿಟ್ಟ ‘ಅಭ್ಯಾಸದ ಆಟ’. ಇಲ್ಲಿ ಆಡಿ ಕೈ ಪಳಗಿಸಿಕೊಂಡವನಿಗೆ ಒಳಬಾಗಿಲು ತೆರೆಯುತ್ತದೆ. ಎರಡನೆಯದು, ಹಣವನ್ನು ಎಂದಿಗೂ ಮರಳಿಸದ, ಕೇವಲ ಮನರಂಜನೆಗಾಗಿ ಎಂದು ಹೇಳಿಕೊಳ್ಳುವ ಆಟ. ಇದರಲ್ಲಿ ಮೊದಲ ನಾಣ್ಯಗಳು ಉಚಿತ; ಅವು ಮುಗಿದ ಮೇಲೆ ಆಟ ಮುಂದುವರಿಯಬೇಕಾದರೆ ಮರುದಿನದವರೆಗೆ ಕಾಯಬೇಕು, ಇಲ್ಲವೇ ರೂಪಾಯಿ ತೆತ್ತು ನಾಣ್ಯಗಳನ್ನು ಕೊಳ್ಳಬೇಕು. ಜೊತೆಗೆ ಇತರ ಜೂಜು ತಾಣಗಳ ಜಾಹೀರಾತುಗಳಿಗೂ ಇಂತಹ ಆಟಗಳು ವೇದಿಕೆಯಾಗಬಹುದು.

ಮೊದಲನೆಯ ಬಗೆಯ ಪ್ರಾಮಾಣಿಕತೆ ಎಷ್ಟು? ಕೆನಡಾದ ಕ್ವಿಬೆಕ್ ಪ್ರಾಂತದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು 117 ಅಂತರ್ಜಾಲ ಜೂಜು ತಾಣಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಶೇಕಡಾ 39ರಷ್ಟು ತಾಣಗಳು ಅಭ್ಯಾಸದ ಆಟದಲ್ಲಿ, ಆಟಗಾರನು ಹೂಡಿದ ಪ್ರತಿ 100 ನಾಣ್ಯಗಳಿಗೆ 100ಕ್ಕೂ ಹೆಚ್ಚನ್ನು ಮರಳಿಸುತ್ತಿದ್ದವು. ನಿಜವಾದ ಹಣ ಹೂಡಿದಾಗ ಈ ಔದಾರ್ಯ ಉಳಿಯುತ್ತಿರಲಿಲ್ಲ. ಅಂದರೆ ಅಭ್ಯಾಸಿಯು ಅಲ್ಲಿ ಕಲಿತದ್ದು ಆಟವನ್ನಲ್ಲ, “ನಾನು ಗೆಲ್ಲಬಲ್ಲೆ” ಎಂಬ ಸುಳ್ಳು ಪಾಠವನ್ನು.

ಎರಡನೆಯ ಬಗೆಯ ಆಟಗಾರರ ಕುರಿತು ಕೆನಡಾದವರೇ ಆದ ಸಂಶೋಧಕರು 2015ರಲ್ಲಿ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಅಂತರ್ಜಾಲದಲ್ಲಿ ಎಂದೂ ಹಣದ ಜೂಜಾಡದೆ ಪುಕ್ಕಟೆ ಕ್ಯಾಸಿನೊ ಆಟಗಳನ್ನು ಆಡುತ್ತಿದ್ದವರನ್ನು ಆರು ತಿಂಗಳ ತರುವಾಯ ವಿಚಾರಿಸಿದಾಗ, ಅವರಲ್ಲಿ ಸುಮಾರು ಕಾಲುಭಾಗದಷ್ಟು ಜನ ಆ ಅವಧಿಯಲ್ಲಿ ಅಂತರ್ಜಾಲದ ಹಣದ ಜೂಜಿಗೆ ಕಾಲಿಟ್ಟಿದ್ದರು. ಆಟದೊಳಗಿನ ನಾಣ್ಯಗಳನ್ನು ದುಡ್ಡು ಕೊಟ್ಟು ಕೊಂಡವರಲ್ಲಿ ಈ ಒಲವು ಎದ್ದು ಕಾಣುತ್ತಿತ್ತು. ಪುಕ್ಕಟೆ ಆಡಿದವರೆಲ್ಲರೂ ಜೂಜುಕೋರರಾಗುವುದಿಲ್ಲ ಎಂಬುದೂ ಇದರಿಂದ ಸ್ಪಷ್ಟವೇ. ಆದರೆ ನಾಲ್ವರಲ್ಲಿ ಒಬ್ಬನನ್ನು ಬಾವಿಯ ಕಟ್ಟೆಯವರೆಗೆ ಕರೆದೊಯ್ಯುವ ಹಾದಿಯನ್ನು ನಿರಪಾಯಕರವೆನ್ನಲು ಬಾರದು.

ಮನಸ್ಸಿನ ಮೇಲಾಗುವ ಪರಿಣಾಮ

ಪ್ರತಿ ಸಲವೂ ಫಲ ದೊರೆಯುವ ಕೆಲಸ ಬೇಗನೆ ಬೇಸರ ತರುತ್ತದೆ. ಎಂದೂ ಫಲ ದೊರೆಯದ ಕೆಲಸವನ್ನು ಮನುಷ್ಯನು ಕೈಬಿಡುತ್ತಾನೆ. ಯಾವಾಗಲೋ ಒಮ್ಮೆ, ಊಹಿಸಲಾಗದ ಗಳಿಗೆಯಲ್ಲಿ ಫಲ ಕೊಡುವ ಕೆಲಸವಾದರೋ ಅವನನ್ನು ಬಿಡದೆ ಹಿಡಿದಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ತತ್ತ್ವವನ್ನು ತೋರಿಸಿಕೊಟ್ಟರು. ಜೂಜಿನ ಯಂತ್ರಗಳೆಲ್ಲ ನಿಂತಿರುವುದು ಇದೇ ತತ್ತ್ವದ ಮೇಲೆ.

ಇದರ ಜೊತೆಗೆ ‘ಕೂದಲೆಳೆಯ ಸೋಲು’ ಎಂಬುದೊಂದಿದೆ. ಮೂರು ಚಿತ್ರಗಳು ಒಂದೇ ಆಗಬೇಕಾದಲ್ಲಿ ಎರಡು ಹೊಂದಿ, ಮೂರನೆಯದು ಸ್ವಲ್ಪದರಲ್ಲಿ ತಪ್ಪುತ್ತದೆ. ಲೆಕ್ಕದ ಪ್ರಕಾರ ಅದು ಸೋಲೇ. ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಲುವಿನಿಂದ ಚುರುಕಾಗುವ ಮಿದುಳಿನ ಭಾಗಗಳೇ ಇಂತಹ ಸೋಲಿನಿಂದಲೂ ಚುರುಕಾಗುವುದು ಕಂಡುಬಂದಿತು. ಸೋತವನು ಆಟ ನಿಲ್ಲಿಸುವ ಬದಲು ಇನ್ನೊಂದು ಸಲ ಆಡಬಯಸುತ್ತಾನೆ. ಈ ಕ್ರಿಯೆಗೆ ಪಣವಾಗಿಟ್ಟದ್ದು ರೂಪಾಯಿಯೋ ಬಳುವಳಿಯ ನಾಣ್ಯವೋ ಎಂಬುದು ಮುಖ್ಯವಲ್ಲ. ದುಡ್ಡು ಕೈಬಿಡುವ ಮೊದಲೇ ಅಭ್ಯಾಸ ಬೇರೂರಿರುತ್ತದೆ.

ಜೂಜಿನ ಚಟವನ್ನು ಕೇವಲ ದುರ್ನಡತೆಯೆಂದು ವೈದ್ಯಶಾಸ್ತ್ರ ಇಂದು ಪರಿಗಣಿಸುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂದಿತು. ಅದರಲ್ಲಿ ಜೂಜಿನ ವ್ಯಾಧಿ ಮತ್ತು ವಿಡಿಯೊ ಆಟಗಳ ವ್ಯಾಧಿ ಅಕ್ಕಪಕ್ಕದಲ್ಲಿಯೇ ನಮೂದಾಗಿವೆ. ಹಿಡಿತ ತಪ್ಪುವುದು, ಇತರ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಕೇಡು ಕಣ್ಣಿಗೆ ಕಂಡರೂ ಮುಂದುವರಿಯುವುದು, ಈ ಮೂರು ಎರಡಕ್ಕೂ ಸಮಾನ ಲಕ್ಷಣಗಳು.

ಬೆಂಗಳೂರಿನ ಪತ್ರಿಕೆ, ಮುಂಬಯಿಯ ಕಾಯಿದೆ

ದೂರದಲ್ಲಿ ಕುಳಿತು ಮತ್ತೊಂದು ರಾಜ್ಯದ ಜನರನ್ನು ಜೂಜಿಗೆಳೆಯುವ ಉದ್ಯಮ ಅಂತರ್ಜಾಲದೊಡನೆ ಹುಟ್ಟಿದ್ದಲ್ಲ. ಅದರ ಪ್ರಸಿದ್ಧ ನಿದರ್ಶನವೊಂದಕ್ಕೆ ಕನ್ನಡ ನಾಡಿನ ನಂಟೇ ಇದೆ. ಆರ್. ಎಂ. ಡಿ. ಚಮಾರ್‌ಬಾಗ್‌ವಾಲಾ ಎಂಬವರ ಸಂಸ್ಥೆ ಮೈಸೂರು ರಾಜ್ಯದಲ್ಲಿ ನೋಂದಣಿಯಾಗಿತ್ತು. ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ, ಪುಣೆಯನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ರಾಜ್ಯದಲ್ಲಿ ಬಹಳವಾಗಿ ಪ್ರಚಾರದಲ್ಲಿತ್ತು. ಅದರಲ್ಲಿ ಬಹುಮಾನದ ಪದಬಂಧ ಸ್ಪರ್ಧೆ ಪ್ರಕಟವಾಗುತ್ತಿತ್ತು. ಪ್ರವೇಶಧನ ತೆತ್ತು ಉತ್ತರ ಕಳುಹಿಸಬೇಕಾಗಿತ್ತು. ಮುಂಬಯಿ ಸರ್ಕಾರ ಅದರ ಮೇಲೆ ನಿಯಂತ್ರಣ ಮತ್ತು ತೆರಿಗೆ ವಿಧಿಸಿದಾಗ, ಹೊರರಾಜ್ಯದ ಸಂಸ್ಥೆಯ ಮೇಲೆ ಮುಂಬಯಿಗೆ ಅಧಿಕಾರವಿಲ್ಲವೆಂದೂ ಇದು ಸಂವಿಧಾನ ರಕ್ಷಿಸುವ ವ್ಯಾಪಾರವೆಂದೂ ವಾದ ಹೂಡಲಾಯಿತು.

1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯ ಈ ಎರಡೂ ವಾದಗಳನ್ನು ತಳ್ಳಿಹಾಕಿತು. ಉತ್ತರಗಳು, ಹಣ ಮುಂಬಯಿ ರಾಜ್ಯದಲ್ಲಿ ಸಂಗ್ರಹವಾಗುತ್ತಿದ್ದುದರಿಂದ ಆ ರಾಜ್ಯಕ್ಕೆ ಅಧಿಕಾರ ಉಂಟು. ಜೂಜು ವ್ಯಾಪಾರವೇ ಅಲ್ಲವಾದ್ದರಿಂದ ವ್ಯಾಪಾರಸ್ವಾತಂತ್ರ್ಯದ ರಕ್ಷಣೆ ಅದಕ್ಕಿಲ್ಲ, ಎಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಬರೆದ ತೀರ್ಪು ಸಾರಿತು. ಇಂದು ಜೂಜಿನ ಸೂತ್ರ ಯಾವುದೋ ಸಾಗರದಾಚೆಯ ದ್ವೀಪದಲ್ಲಿರಬಹುದು. ಆದರೆ ಬೆರಳೊತ್ತುವ ಕೈ ಪುಣೆಯಲ್ಲಿದೆ. ಹಣ ಹೊರಡುವುದೂ ಪುಣೆಯ ಬ್ಯಾಂಕ್ ಖಾತೆಯಿಂದಲೇ. ಹಳೆಯ ತೀರ್ಪಿನ ವಿವೇಕ ಹಳತಾಗಿಲ್ಲ.

ಆ ಕಾಲದ ಕಾಯಿದೆಗಳೆಲ್ಲ ದುಡ್ಡಿನ ಸುತ್ತ ಹೆಣೆದವು. ಮುಂಬಯಿಯ 1887ರ ಜೂಜು ನಿಷೇಧ ಕಾಯಿದೆ ಜೂಜುಕಟ್ಟೆಗಳ ಮೇಲೆ ಕಣ್ಣಿಟ್ಟಿತು. 1960ರ ದಶಕದಲ್ಲಿ ಮುಂಬಯಿಯಲ್ಲಿ ಬೆಳೆದ ಮಟಕಾ ಚೀಟಿಗಳ ಬೆನ್ನು ಹತ್ತಿದ ಪೊಲೀಸರೂ ದುಡ್ಡಿನ ಜಾಡನ್ನೇ ಹಿಡಿದರು. ಮಹಾರಾಷ್ಟ್ರವು ಕ್ಯಾಸಿನೊಗಳಿಗೆ ಅವಕಾಶ ನೀಡುವ ಕಾಯಿದೆಯನ್ನು 1976ರಲ್ಲಿ ರಚಿಸಿದರೂ ಅದನ್ನು ಎಂದೂ ಜಾರಿಗೆ ತರದೆ 2023ರಲ್ಲಿ ರದ್ದುಪಡಿಸಿತು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತಾದರೂ, ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅನೂರ್ಜಿತಗೊಳಿಸಿತು. ಹಣವೇ ಕೈ ಬದಲಿಸದ ಪುಕ್ಕಟೆ ಆಟ ಇಂತಹ ಕಾಯಿದೆಗಳ ಕಣ್ಣಿಗೆ ಬೀಳದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಸೋಡಾ ಬಾಟಲಿಯ ಉಪಾಯ

ಮದ್ಯದ ಜಾಹೀರಾತಿಗೆ ನಿರ್ಬಂಧ ಬಂದಾಗ ಅದೇ ಹೆಸರಿನ ಸೋಡಾ, ಸಂಗೀತದ ಕ್ಯಾಸೆಟ್ಟುಗಳ ಜಾಹೀರಾತು ಕಾಣಿಸಿಕೊಂಡದ್ದು ವಾಚಕರ ನೆನಪಿನಲ್ಲಿರಬಹುದು. ಜೂಜಿನ ವ್ಯಾಪಾರಿಗಳೂ ಇದೇ ದಾರಿ ಹಿಡಿದರು. ಅಮೆರಿಕದಲ್ಲಿ 2000ದ ದಶಕದ ಆರಂಭದಲ್ಲಿ ಹಣದ ಪೋಕರ್ ತಾಣಗಳು, ಅದೇ ಹೆಸರಿನ ‘ಉಚಿತ ಪಾಠಶಾಲೆ’ಗಳನ್ನು ತೆರೆದು ದೂರದರ್ಶನದಲ್ಲಿ ಅವುಗಳ ಪ್ರಚಾರ ನಡೆಸಿದವು. ತಾಣದ ವಿಳಾಸದ ಕೊನೆಯ ಮೂರಕ್ಷರ ಮಾತ್ರ ಬೇರೆ; ಹೆಸರು, ಬಣ್ಣ, ಚಿಹ್ನೆ ಎಲ್ಲ ಒಂದೇ.

ಭಾರತದಲ್ಲಿ ಬಾಜಿ ಕಟ್ಟುವ ವಿದೇಶೀ ತಾಣಗಳು ಕ್ರೀಡಾವಾರ್ತೆಯ ತಾಣಗಳ ವೇಷ ತೊಟ್ಟವು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಜೂನ್ 13ರಂದು ಬಾಜಿಯ ಜಾಹೀರಾತುಗಳ ವಿರುದ್ಧ ಸೂಚನೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು, ವಾರ್ತಾತಾಣದ ಸೋಗಿನ ಜಾಹೀರಾತುಗಳೂ ಬಾಜಿಯ ಜಾಹೀರಾತುಗಳೇ ಎಂದು ದೂರದರ್ಶನ ವಾಹಿನಿಗಳನ್ನೂ ಅಂತರ್ಜಾಲ ಮಾಧ್ಯಮಗಳನ್ನೂ ಎಚ್ಚರಿಸಿತು. ಹೊರಗೆ ತೋರುವ ವಸ್ತು ನಿರ್ದೋಷವಾಗಿದ್ದರೂ ಅದು ಯಾವ ಬಾಗಿಲಿಗೆ ದಾರಿ ತೋರುತ್ತದೆ ಎಂಬುದನ್ನು ನೋಡಬೇಕೆಂಬ ತತ್ತ್ವ ಇಲ್ಲಿ ಅಂಗೀಕೃತವಾಯಿತು.

ಜಾಹೀರಾತಿಲ್ಲದೆಯೂ ಪ್ರಚಾರ ನಡೆಯುತ್ತದೆ. 2023ರ ಅಕ್ಟೋಬರಿನಲ್ಲಿ ಪಿಂಪ್ರಿ-ಚಿಂಚವಡದ ಪೊಲೀಸ್ ಅಧಿಕಾರಿಯೊಬ್ಬರಿಗೆ ಆನ್‌ಲೈನ್ ಕ್ರಿಕೆಟ್ ಆಟವೊಂದರಲ್ಲಿ ಒಂದೂವರೆ ಕೋಟಿ ರೂಪಾಯಿ ಬಂದಿತು. ಇಲಾಖೆ ಅವರನ್ನು ಅಮಾನತುಗೊಳಿಸಿತು. ಆದರೆ ಮನೆಮನೆಯಲ್ಲಿ ಉಳಿದದ್ದು ಒಂದೂವರೆ ಕೋಟಿಯ ಮಾತು. ಗೆದ್ದ ಒಬ್ಬನ ಸುದ್ದಿ ಊರೆಲ್ಲ ಹಬ್ಬುತ್ತದೆ. ಸೋತವರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

2025ರ ಕಾಯಿದೆ

ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದು ಆಟಗಳನ್ನು ಮೂರಾಗಿ ವಿಂಗಡಿಸುತ್ತದೆ: ಸ್ಪರ್ಧಾತ್ಮಕ ಇ-ಕ್ರೀಡೆ, ಮನರಂಜನೆಯ ಸಾಮಾಜಿಕ ಆಟ, ಹಣದ ಆಟ. ಮೊದಲೆರಡಕ್ಕೆ ಪ್ರೋತ್ಸಾಹ, ಮೂರನೆಯದಕ್ಕೆ ನಿಷೇಧ. ಅದೃಷ್ಟದ ಆಟವೋ ಕೌಶಲದ ಆಟವೋ ಎಂಬ ಹಳೆಯ ಜಿಜ್ಞಾಸೆಯನ್ನು ಈ ಕಾಯಿದೆ ಬದಿಗಿರಿಸಿದೆ. ಹಣದ ಆಟವನ್ನು ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆ ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದನ್ನು ಜಾಹೀರುಪಡಿಸುವವರಿಗೆ 2 ವರ್ಷಗಳವರೆಗೆ ಸೆರೆ ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಡಿದವನಿಗೆ ಶಿಕ್ಷೆಯಿಲ್ಲ, ಕಾಯಿದೆಯ ದೃಷ್ಟಿಯಲ್ಲಿ ಅವನು ಅಪರಾಧಿಯಲ್ಲ, ಬಲಿಯಾದವನು. ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶಗಳ ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಸಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ ತನ್ನೆಡೆಗೆ ವರ್ಗಾಯಿಸಿಕೊಂಡಿತು.

ಪುಕ್ಕಟೆ ಆಟದ ದೃಷ್ಟಿಯಿಂದ ಇದರಲ್ಲಿ ಎರಡು ಅಂಶಗಳು ಮಹತ್ತ್ವದವು. ಹಣದ ಆಟವನ್ನು ‘ನೇರವಾಗಿ ಅಥವಾ ಪರೋಕ್ಷವಾಗಿ’ ಉತ್ತೇಜಿಸುವ ಜಾಹೀರಾತೂ ನಿಷಿದ್ಧವೆಂಬುದು ಒಂದು. ಹಣ ಕೊಟ್ಟು ಕೊಂಡ ನಾಣ್ಯ, ಟೋಕನ್‌ಗಳೂ ಪಣವೆನಿಸಬಲ್ಲವು ಎಂಬುದು ಇನ್ನೊಂದು. ಆದರೂ ಒಂದು ಸಂದು ಉಳಿಯುತ್ತದೆ. ಏನನ್ನೂ ಮರಳಿಸದ, ಜೂಜಿನ ಹೆಸರೆತ್ತದ, ರೂಪದಲ್ಲಿ ಮಾತ್ರ ಜೂಜೇ ಆದ ಆಟ ‘ಸಾಮಾಜಿಕ ಆಟ’ದ ಸಾಲಿನಲ್ಲಿ ಕುಳಿತುಕೊಳ್ಳಬಹುದು. ಹಣದ ಅಂಗಡಿಗಳು ಬಾಗಿಲು ಮುಚ್ಚಿದ ಮೇಲೆ ಉಚಿತ ಆಟಗಳತ್ತ ಉದ್ಯಮವೇ ಹೊರಳಿರುವಾಗ ಈ ಸಂದು ಚಿಕ್ಕದಲ್ಲ.

ಅನ್ಯ ದೇಶಗಳ ಪಾಠ

ಬ್ರಿಟನ್ನಿನಲ್ಲಿ ಜೂಜು ಕಾನೂನುಬದ್ಧ. ಅಲ್ಲಿಯೂ 2019ರ ಮೇ 7ರಿಂದ, ಪರವಾನಿಗೆ ಪಡೆದ ತಾಣಗಳು ಆಟಗಾರನ ವಯಸ್ಸನ್ನು ಖಚಿತಪಡಿಸಿಕೊಳ್ಳದೆ ಪುಕ್ಕಟೆ ಆಟವನ್ನೂ ಆಡಗೊಡುವಂತಿಲ್ಲ. ಹಣದ ಆಟದಲ್ಲಿರುವ ಗೆಲುವಿನ ಸಂಭವವೇ ಪುಕ್ಕಟೆ ಆಟದಲ್ಲಿಯೂ ಇರಬೇಕೆಂಬ ನಿಯಮವೂ ಇದೆ. ಆಸ್ಟ್ರೇಲಿಯದಲ್ಲಿ 2024ರ ಸೆಪ್ಟೆಂಬರ್ 22ರಿಂದ, ಜೂಜಿನ ಅನುಕರಣೆಯುಳ್ಳ ಹೊಸ ವಿಡಿಯೊ ಆಟಗಳನ್ನು ವಯಸ್ಕರಿಗೆ ಮಾತ್ರವೆಂದು ವರ್ಗೀಕರಿಸಲಾಗುತ್ತಿದೆ. ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಮತ್ತೊಂದು ಮೂಲಭೂತ ಮಾತನ್ನು ಹೇಳಿತು: ನಗದಾಗದ ನಾಣ್ಯವಾದರೂ ಆಟವನ್ನು ಮುಂದುವರಿಸುವ ಸೌಲಭ್ಯ ಅದರಿಂದ ದೊರೆಯುವ ಕಾರಣ, ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಅದು ಬೆಲೆಯುಳ್ಳ ವಸ್ತುವೇ.

ಇವುಗಳಿಂದ ಭಾರತಕ್ಕೆ ಬೇಕಾದ ನಿಯಮಗಳ ರೂಪುರೇಖೆ ತಾನಾಗಿ ಮೂಡುತ್ತದೆ. ಜೂಜಿನ ರೂಪದ ಆಟ, ಪುಕ್ಕಟೆಯಾದರೂ, ವಯಸ್ಕರಿಗೆ ಮಾತ್ರ ದೊರೆಯಬೇಕು. ಅದರಲ್ಲಿನ ಗೆಲುವಿನ ಸಂಭವವನ್ನು ಬಹಿರಂಗಪಡಿಸಬೇಕು. ಹಣದ ಜೂಜಿನ ಹೆಸರು, ಚಿಹ್ನೆ, ಕೊಂಡಿ ಅದರಲ್ಲಿ ಇರಕೂಡದು. ನಾಣ್ಯ ಮಾರಾಟಕ್ಕೆ ದೈನಂದಿನ ಮಿತಿ ಇರಬೇಕು. ಆಟದ ಮುಂಬಾಗಿಲಿನಲ್ಲಿ ದುಡ್ಡು ಪಡೆದರೇ ಎಂಬುದಕ್ಕಿಂತ, ಹಿಂಬಾಗಿಲು ಎಲ್ಲಿ ತೆರೆಯುತ್ತದೆ ಎಂಬುದೇ ನಿಯಂತ್ರಣದ ಒರೆಗಲ್ಲಾಗಬೇಕು.

ಮನೆಯವರು ಮಾಡಬಹುದಾದುದು

ಕಾಯಿದೆಯ ಕೈ ಎಷ್ಟೇ ಉದ್ದವಾದರೂ ಹಾಸಿಗೆಯಲ್ಲಿ ಮುಸುಕೆಳೆದು ಫೋನ್ ನೋಡುವವನನ್ನು ಅದು ಮುಟ್ಟಲಾರದು. ಪರಸ್ಥಳಕ್ಕೆ ದುಡಿಯಲು ಬಂದವರಿಗೆ ಈ ಅಪಾಯ ಹೆಚ್ಚು. ಕಲಬುರ್ಗಿ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಪುಣೆಗೆ ಬಂದ ಒಂಟಿ ತರುಣನಿಗೆ ಸಂಜೆ ಕಳೆಯಲು ಜಗುಲಿಯಿಲ್ಲ, ಗದರಿಸಲು ಹಿರಿಯರಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗಬೇಕಾದ ಹಣ ತಪ್ಪಿದರೂ ಕಾರಣ ತಿಳಿಯಲು ಅಲ್ಲಿಯವರಿಗೆ ತಿಂಗಳುಗಳೇ ಬೇಕು.

ಕೆಲವು ಲಕ್ಷಣಗಳನ್ನು ಗಮನಿಸಬೇಕು. ನಿದ್ರೆಗೆಟ್ಟು ಆಡುವುದು, ಫೋನನ್ನು ಮರೆಮಾಡುವುದು, ಆಟ ತಡೆದರೆ ಸಿಡಿಮಿಡಿಗೊಳ್ಳುವುದು, ಕಳೆದದ್ದನ್ನು ಮರಳಿ ಗಳಿಸುವ ಹಟ, ಸುಳ್ಳು ಹೇಳಿ ಕೈಸಾಲ ಮಾಡುವುದು, ಸಾಲದ ಆ್ಯಪ್‌ಗಳಿಗೆ ಮೊರೆಹೋಗುವುದು ಇವುಗಳಲ್ಲಿ ಮುಖ್ಯವಾದವು. ಮಕ್ಕಳ ವಿಷಯದಲ್ಲಿ, ಆಟದಲ್ಲಿ ನಾಣ್ಯ ಕೊಳ್ಳಲು ತಂದೆತಾಯಿಯರ ಖಾತೆ ಬಳಸಿದ್ದು ಕಂಡರೆ ಅದನ್ನೇ ಮೊದಲ ಎಚ್ಚರಿಕೆಯೆಂದು ತಿಳಿಯಬೇಕು. ಬ್ಯಾಂಕ್ ಖಾತೆಯ ಗುಪ್ತ ಸಂಖ್ಯೆಯನ್ನು ಮಕ್ಕಳಿಗೆ ತಿಳಿಸಬಾರದು. ಹಣ ಪಾವತಿಯ ದೈನಂದಿನ ಮಿತಿಯನ್ನು ಕಡಿಮೆ ಇಡಬೇಕು. ಚಟ ಹತ್ತಿದವನ ಸಾಲವನ್ನು ಮನೆಯವರು ಗುಟ್ಟಾಗಿ ತೀರಿಸುತ್ತ ಹೋಗುವುದು ಚಿಕಿತ್ಸೆಯಲ್ಲ. ಲೆಕ್ಕವನ್ನೆಲ್ಲ ಬಯಲಿಗಿಟ್ಟು, ಹಣದ ವಹಿವಾಟನ್ನು ಕೆಲಕಾಲ ನಂಬಿಕಸ್ಥರೊಬ್ಬರ ಕೈಗೊಪ್ಪಿಸಿ, ಜೊತೆಯಲ್ಲಿಯೇ ವೈದ್ಯರ ಸಲಹೆ ಪಡೆಯುವುದು ಸರಿಯಾದ ಕ್ರಮ.

ಸಹಾಯ ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಫೋನ್, ಅಂತರ್ಜಾಲ, ವಿಡಿಯೊ ಆಟಗಳ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ಕನ್ನು 2014ರಲ್ಲಿ ಆರಂಭಿಸಿತು. ಪುಣೆಯಲ್ಲಿಯೇ ಡಾ. ಅನಿತಾ ಅವಚಟ ಮತ್ತು ಅನಿಲ ಅವಚಟ ದಂಪತಿಗಳು 1986ರಲ್ಲಿ ಸ್ಥಾಪಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಯೆರವಡಾದಲ್ಲಿದೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಸಾಲದ ಭಾರದಿಂದ ಬದುಕೇ ಬೇಡವೆಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಬೇಕು. ಆನ್‌ಲೈನ್ ವಂಚನೆಯಿಂದ ಹಣ ಹೋಗಿದ್ದರೆ 1930 ಸಂಖ್ಯೆಗೆ ತಡಮಾಡದೆ ದೂರು ಕೊಡಬಹುದು.

ಆಟ ಮನುಷ್ಯನಿಗೆ ಬೇಕು. ಚೌಕಾಬಾರ, ಚೆನ್ನೆಮಣೆ, ಕೇರಂ, ಚದುರಂಗಗಳ ಸುತ್ತ ಕೂಡಿದವರು ಗೆದ್ದರೂ ಸೋತರೂ ನಗುತ್ತ ಏಳುತ್ತಿದ್ದರು. ಅಲ್ಲಿ ಎದುರಿಗೆ ಕುಳಿತವರು ಮನುಷ್ಯರು. ಆಟ ನಿಲ್ಲಿಸಿದವನನ್ನು ಮರುದಿನ ಬಳುವಳಿಯ ಆಮಿಷ ತೋರಿಸಿ ಯಾರೂ ಕರೆಯುತ್ತಿರಲಿಲ್ಲ. ಪರಊರಿನಲ್ಲಿ ಒಂಟಿಯಾಗಿರುವ ಹುಡುಗನನ್ನು ಹಬ್ಬಕ್ಕೋ ಭಾನುವಾರದ ಊಟಕ್ಕೋ ಮನೆಗೆ ಕರೆದು, ಜೊತೆಯಲ್ಲಿ ಒಂದು ಆಟವಾಡಿ ಕಳುಹಿಸುವುದು ಪುಣೆಯ ಪ್ರತಿಯೊಂದು ಕನ್ನಡ ಕುಟುಂಬಕ್ಕೂ ಸಾಧ್ಯವಾದ ಕೆಲಸ. ಪುಕ್ಕಟೆ ನಾಣ್ಯಗಳ ಕರೆ ಬರುವ ಮುನ್ನ ಮನೆಯ ಕರೆ ಅವನನ್ನು ಮುಟ್ಟುವುದು ಲೇಸು.